ಸೌತೆಕಾಯಿ ಹೆಚ್ಚಿದ ಗ್ರಹಣ

ಗ್ರಹಣ ಬಂತೆಂದರೆ ನಮ್ಮಮ್ಮ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಳು. ಸರಸ್ವತಿಪುರದ ನಮ್ಮ ಬೀದಿಯ ಬೇರೆ ಮನೆಗಳಲ್ಲಿ ಗ್ರಹಣ ಹಿಡಿದಾಗ ಒಂದು ಸ್ನಾನ, ಬಿಟ್ಟಾಗ ಒಂದು ಸ್ನಾನ, ನಡುವೆ ಉಪವಾಸ, ನೀರಿನ ಕೊಳದಪ್ಪಲೆಗೂ ಉಪ್ಪಿನಕಾಯಿ ಜಾಡಿಗೂ ಎರಡೆರಡು ದರ್ಭೆ. ಅಷ್ಟಕ್ಕೆ ಮುಗಿಯುತ್ತಿತ್ತು. ಅಮ್ಮನದು ಹಾಗಲ್ಲ. ಒಂದು ಹನಿ ನೀರೂ ಕುಡಿಯದೆ, ನಡುಮನೆಯ ಪಕ್ಕದ ಕತ್ತಲೆ ಕೋಣೆ ಸೇರಿ, ಬಾಗಿಲು ಕಿಟಕಿ ಮುಚ್ಚಿ, ಎರಡು ಕೈಯನ್ನೂ ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತುಬಿಡುತ್ತಿದ್ದಳು. ಹುಲ್ಲುಕಡ್ಡಿಯನ್ನೂ ಮುರಿಯುತ್ತಿರಲಿಲ್ಲ. ಅದು ಬಸುರಿಯರಿಗೆ ಹೇಳಿದ ನೇಮ. ನಾನು ಹೇಳುತ್ತಿರುವ ಐವತ್ತೈದನೆಯ ಇಸವಿಯ ಹೊತ್ತಿಗೆ ಅಪ್ಪ ತೀರಿಕೊಂಡೇ ಎಂಟು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅಜ್ಜಿ, ಅಮ್ಮ, ಅಕ್ಕ, ನಾನು. ಬಸುರಿಯೆಂದರೆ ಹಿತ್ತಿಲಿಗೆ ಬರುವ ಪಕ್ಕದ ಮನೆಯ ಬೆಕ್ಕು ಒಂದೇ.

ಇದಕ್ಕೆಲ್ಲ ಕಾರಣ ಅಕ್ಕನ ತುಟಿ. ಅಕ್ಕ ಹುಟ್ಟಿದಾಗ ಅವಳ ಮೇಲ್ತುಟಿ ಮೂಗಿನವರೆಗೆ ಸೀಳಿತ್ತಂತೆ. ಹಾಲು ಕಚ್ಚಿ ಕುಡಿಯಲಾಗದ ಮಗುವಿಗೆ ಅಜ್ಜಿ ಒಳಲೆಯಲ್ಲಿ ಹನಿ ಹನಿ ಹಾಲು ಬಿಟ್ಟು ಬದುಕಿಸಿದಳು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನಾನು ಕಂಡಂತೆ ಉಳಿದದ್ದು ತುಟಿಯಿಂದ ಮೂಗಿಗೆ ಎಳೆದಂತಿದ್ದ ಒಂದು ಬಿಳಿ ಗೆರೆ, ಮಾತಿನಲ್ಲಿ ಸ್ವಲ್ಪ ಮೂಗಿನ ಸ್ವರ. ಅದು ನನಗೆ ಅಕ್ಕನ ಸ್ವರವೇ ಹೊರತು ಊನ ಎಂದು ಯಾವತ್ತೂ ಅನ್ನಿಸಿದ್ದಿಲ್ಲ.

ಮಗು ಹೀಗೆ ಹುಟ್ಟಿತಲ್ಲ, ಯಾಕೆ ಎಂದು ಅಜ್ಜಿ ಪುರೋಹಿತರನ್ನು ಕೇಳಿದಳಂತೆ. ಅವರು ಪಂಚಾಂಗ ತಿರುವಿ, ಸೊಸೆ ಬಸುರಿಯಾಗಿದ್ದ ತಿಂಗಳುಗಳಲ್ಲಿ ಬೆರಳಾಡಿಸಿ, ಜ್ಯೇಷ್ಠದ ಅಮಾವಾಸ್ಯೆಗೆ ಸೂರ್ಯಗ್ರಹಣ ಇತ್ತು ಎಂದರು. ಅಜ್ಜಿಗೆ ಆ ಅಮಾವಾಸ್ಯೆ ಚೆನ್ನಾಗಿ ನೆನಪಿತ್ತು. ಅವತ್ತು ಅಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡಿದ್ದಳು. ಗ್ರಹಣದಲ್ಲಿ ಬಸುರಿ ಏನನ್ನಾದರೂ ಹೆಚ್ಚಿದರೆ ಹೊಟ್ಟೆಯ ಮಗುವಿಗೆ ಸೀಳು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಅಲ್ಲಿಗೆ ತೀರ್ಪು ಆಯಿತು.

ಹಾಗಾದರೆ ಅವತ್ತು ಗ್ರಹಣವೆಂದು ಮನೆಯಲ್ಲಿ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಉತ್ತರ ಸಿದ್ಧವಿತ್ತು. ದಿನಾ ಬೆಳಿಗ್ಗೆ ಪಂಚಾಂಗ ತೆರೆದು ತಿಥಿ, ವಾರ, ನಕ್ಷತ್ರ ಓದಿ ಹೇಳುವುದು ಅಪ್ಪನ ಕೆಲಸ. ಅಪ್ಪ ಅರಮನೆ ಕಚೇರಿಯಲ್ಲಿ ಗುಮಾಸ್ತರು. ಬೇಸಿಗೆಯಲ್ಲಿ ಅರಮನೆಯವರ ಜೊತೆ ಊಟಿ ಕ್ಯಾಂಪಿಗೆ ಹೋಗುತ್ತಿದ್ದರು, ಆ ವರ್ಷ ಬರುವುದು ತಡವಾಗಿತ್ತು. ಓದುವವರು ಇಲ್ಲದ ಮನೆಯಲ್ಲಿ ಗ್ರಹಣ ತಾನಾಗಿ ಬಂದು ತಾನಾಗಿ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಅಮ್ಮ ಅದನ್ನು ಒಪ್ಪಿಕೊಂಡಿದ್ದಳು. ಬೆರಳಿನ ಮೇಲಿದ್ದ ಹಳೆಯ ಗಾಯದ ಗುರುತನ್ನು ಮುಟ್ಟಿ ನೋಡಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

ಅಜ್ಜಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಯಿ ಸ್ವಲ್ಪ ಜೋರು, ಹೇಳುತ್ತಾ ಹೇಳುತ್ತಾ ಅವಳನ್ನು ರಾಕ್ಷಸಿ ಮಾಡಿಬಿಟ್ಟೇನು. ಅಕ್ಕನೆಂದರೆ ಅವಳಿಗೆ ಪ್ರಾಣ. ಆದರೆ ಅಕ್ಕನ ತುಟಿಯ ಮಾತು ಬಂದಾಗಲೆಲ್ಲ, "ಆ ಸೌತೆಕಾಯಿ ಒಂದು ಹೆಚ್ಚದೇ ಇದ್ದಿದ್ರೆ" ಎಂದು ಒಂದು ಉಸಿರು ಬಿಡುತ್ತಿದ್ದಳು. ಬೈಗುಳವಲ್ಲ, ಜಗಳವಲ್ಲ, ಒಂದು ಉಸಿರು. ಬೈದಿದ್ದರೆ ಅಮ್ಮ ತಿರುಗಿ ಏನಾದರೂ ಅನ್ನಬಹುದಿತ್ತೇನೋ.

ಅಕ್ಕನಿಗೆ ಆಗ ಇಪ್ಪತ್ತು ತುಂಬುತ್ತಿತ್ತು. ಹುಡುಗಿಯರ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅವಳಿಗೆ ಆಕಾಶದ ಹುಚ್ಚು. ಹಿಡಿಸಿದ್ದು ಅಪ್ಪನೇ. ಸಂಜೆ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ, ಇದು ಕೃತ್ತಿಕೆ, ಇದು ರೋಹಿಣಿ, ಇದು ಮೃಗಶಿರ ಎಂದು ತೋರಿಸುತ್ತಿದ್ದರಂತೆ. ಅಪ್ಪ ಹೋದ ಮೇಲೆ ಅವಳು ಅದೇ ಪಾಠವನ್ನು ನನಗೆ ಒಪ್ಪಿಸಿದಳು. ಪತ್ರಿಕೆಯಲ್ಲಿ ಆಕಾಶದ ಸುದ್ದಿ ಏನು ಬಂದರೂ ಕತ್ತರಿಸಿ ಒಂದು ನೋಟುಪುಸ್ತಕಕ್ಕೆ ಅಂಟಿಸುತ್ತಿದ್ದಳು. ಹಾಗೆ ಅಂಟಿದ್ದೇ ಆ ಜೂನ್ ತಿಂಗಳ ಗ್ರಹಣದ ಸುದ್ದಿ. ಸಿಂಹಳದಲ್ಲಿ ಸೂರ್ಯ ಪೂರ್ತಿ ಮುಚ್ಚಿಹೋಗುತ್ತಾನೆ, ಎಲ್ಲೆಲ್ಲಿಂದಲೋ ವಿಜ್ಞಾನಿಗಳು ದುರ್ಬೀನು ಹೊತ್ತು ಬಂದಿಳಿದಿದ್ದಾರೆ, ನಮ್ಮ ಕಡೆಗೆ ಮುಕ್ಕಾಲು ಪಾಲಿಗೂ ಹೆಚ್ಚು ಎಂದಿತ್ತು.

"ಈ ಸಲ ನಾನು ಹೊರಗೆ ಹೋಗಿ ನೋಡೋಳೇ" ಎಂದಳು ಅಕ್ಕ. "ನನ್ನ ತುಟಿ ಕಚ್ಚಿದೋನು ಯಾರು ಅಂತ ಒಂದ್ಸಲ ಮುಖ ನೋಡ್ಬೇಕು ಕಣೆ."

ಅಮ್ಮ ಬೇಡಿಕೊಂಡಳು. ಗದರಲು ಬಾರದವಳು, ಬರೀ ಬೇಡಿಕೊಂಡಳು. "ಒಂದ್ಸಲ ಆಗಿದ್ದು ಸಾಲದಾ? ಇನ್ನೇನಾದ್ರೂ ಆಗೋದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಏನೂ ಆಗಲ್ಲಮ್ಮ. ನಾನೇನು ಬಸುರಿನಾ?" ಎಂದು ಅಕ್ಕ ನಕ್ಕಳು. ಅಜ್ಜಿ ಒಳಗಿನಿಂದಲೇ, "ಮದುವೆ ಆಗದ ಹುಡುಗಿ ಆಡೋ ಮಾತೇನೇ ಅದು" ಎಂದಳು.

ಆ ಸೋಮವಾರ ಬೆಳಿಗ್ಗೆ ಅಜ್ಜಿ ಒದ್ದೆ ಸೀರೆಯಲ್ಲಿ ನಡುಮನೆಯಲ್ಲಿ ಕೂತು, ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದಳು. ಗ್ರಹಣ ಇರುವಷ್ಟು ಹೊತ್ತು ಒನಕೆ ತಾನೇ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಂಬಿಕೆ. ಅಕ್ಕ ಒಂದು ಭಾನುವಾರ, ಗ್ರಹಣವಿಲ್ಲ ಏನಿಲ್ಲ, ಅದೇ ತಟ್ಟೆಯಲ್ಲಿ ಅದೇ ಒನಕೆಯನ್ನು ನನ್ನೆದುರು ನಿಲ್ಲಿಸಿ ತೋರಿಸಿದ್ದಳು. ಬುಡ ಸವೆದು ಚಪ್ಪಟೆಯಾದ ಒನಕೆ, ನಿಲ್ಲದೆ ಏನು ಮಾಡೀತು? ನಾನು ಅಜ್ಜಿಗೆ ಹೇಳಲು ಓಡುವವಳಿದ್ದೆ. ಅಕ್ಕ ಜಡೆ ಹಿಡಿದು ನಿಲ್ಲಿಸಿ, "ಹೇಳ್ಬೇಡ. ಅವಳಿಗೂ ಏನಾದ್ರೂ ಒಂದು ಬೇಕಲ್ಲ" ಎಂದಿದ್ದಳು. ನನಗೆ ಆಗ ಅದು ಅರ್ಥವಾಗಲಿಲ್ಲ. ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು ಎನ್ನುವ ವಯಸ್ಸು ನನ್ನದು.

ಅಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನಾವಿಬ್ಬರೂ ಬೀದಿಯ ಕೊನೆಯ ಖಾಲಿ ಜಾಗಕ್ಕೆ ಹೋದೆವು. ಸೀಮೆಎಣ್ಣೆ ದೀಪದ ಹೊಗೆ ಹಿಡಿಸಿದ ಗಾಜಿನ ಚೂರು ಅಕ್ಕನ ಕೈಯಲ್ಲಿತ್ತು. ಹಾಗೆಲ್ಲ ನೋಡಬಾರದು, ಕಣ್ಣು ಹೋಗುತ್ತದೆ ಎಂದು ಈಗ ಮೊಮ್ಮಕ್ಕಳು ಗದರುತ್ತಾರೆ. ಸರಿಯಾದ ಮಾತು, ನೀವು ನೋಡಬೇಡಿ. ನಮಗೆ ಅವತ್ತು ಕಣ್ಣು ಉಳಿದದ್ದು ಮೋಡದ ಪುಣ್ಯದಿಂದ. ಬೆಳಗಿನಿಂದ ಮೈಸೂರಿನ ಮೇಲೆ ಮಳೆಗಾಲದ ಮೋಡ ಕಂಬಳಿ ಹೊದ್ದು ಮಲಗಿತ್ತು. ಕಾದು ಕಾದು ಕತ್ತು ನೋಯಿತು. ಎಂಟು ಗಂಟೆಯ ಹೊತ್ತಿಗೆ ಒಂದು ಕಡೆ ಮೋಡ ಹರಿದು, ಐದು ನಿಮಿಷವಿರಬಹುದು, ಸೂರ್ಯ ಕಂಡ. ದೋಸೆಯನ್ನು ಯಾರೋ ಒಂದು ಕಡೆಯಿಂದ ತಿಂದು ಬಿಟ್ಟಂತೆ ಇದ್ದ. ಮತ್ತೆ ಮೋಡ ಮುಚ್ಚಿತು.

ಅಕ್ಕ ಗಾಜು ಇಳಿಸಿದಳು. "ಏನು ಕಂಡೆ? ಯಾರು ಕಚ್ಚಿದ್ದು?" ಎಂದೆ.

"ಕಚ್ಚಿದೋನು ಯಾರೂ ಇಲ್ಲ ಕಣೆ" ಎಂದಳು. "ಕಚ್ಚಿಸಿಕೊಂಡೋನು ಮಾತ್ರ ಕಂಡ."

ಸಿಂಹಳದಲ್ಲಿಯೂ ಮೋಡ ಕವಿದು, ಅಷ್ಟು ದೂರ ಬಂದವರಲ್ಲಿ ಬಹಳ ಜನಕ್ಕೆ ಏನೂ ಕಾಣಲಿಲ್ಲವೆಂದು ಆಮೇಲೆ ಪತ್ರಿಕೆಯಲ್ಲಿ ಓದಿ ನಾವು ಸ್ವಲ್ಪ ಸಮಾಧಾನ ಪಟ್ಟುಕೊಂಡೆವು. ಖರ್ಚಿಲ್ಲದೆ ಐದು ನಿಮಿಷ ನೋಡಿದ್ದೆವಲ್ಲ. ಮನೆಗೆ ಬಂದಾಗ ಒನಕೆ ಬಿದ್ದಿತ್ತು. ಅಮ್ಮ ಕೋಣೆಯಿಂದ ಹೊರಗೆ ಬಂದವಳೇ ಅಕ್ಕನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ತುಟಿ ನೋಡಿದಳು. ಹೊಲಿಗೆ ಬಿಚ್ಚಿಕೊಂಡಿರಬಹುದು ಎಂದು ಹೆದರಿದ್ದಳೆಂದು ಕಾಣುತ್ತದೆ.

ದಸರಾ ಕಳೆದ ಮೇಲೆ ಅಕ್ಕನನ್ನು ನೋಡಲು ಒಂದು ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಅಕ್ಕ ಹಾಡು ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಅದೂ ತಪ್ಪಿತು. ಹುಡುಗನ ತಾಯಿ ಒಳಗೆ ಬಂದು ಅಮ್ಮನ ಹತ್ತಿರ ಕೂತರು. ಅವರು ಏನೂ ಕೇಳಿರಲಿಲ್ಲ. ಸುಮ್ಮನೆ ಕಾಫಿ ಕುಡಿಯುತ್ತಿದ್ದರು. ಅಮ್ಮ ತಾನಾಗಿಯೇ ತಲೆ ತಗ್ಗಿಸಿ, "ಹುಡುಗಿದು ಏನೂ ತಪ್ಪಿಲ್ಲಮ್ಮ. ನಾನು ಬಸುರೀಲಿ ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಿಬಿಟ್ಟೆ. ನನ್ನ ತಪ್ಪು, ಅವಳಿಗೆ ಬಂತು" ಎಂದಳು. ಆ ಹೆಂಗಸು ಕಾಫಿ ಲೋಟ ಕೆಳಗಿಟ್ಟು, "ಅಯ್ಯೋ ಪಾಪ" ಎಂದರು. ಕಾಗದ ಬರೆಯುತ್ತೇವೆ ಎಂದು ಹೋದವರು ಬರೆಯಲಿಲ್ಲ.

ಆ ಸಂಜೆ ತಾರಸಿಯ ಮೇಲೆ ಅಕ್ಕ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಗಂಡು ತಪ್ಪಿತೆಂದು ಅಳುತ್ತಿದ್ದಾಳೆ ಎಂದುಕೊಂಡು, "ಹೋದ್ರೆ ಹೋದ, ಅವನ ಕಿವಿ ನೋಡಿದ್ಯಾ, ಮೊರ ಇದ್ದಂಗಿತ್ತು" ಎಂದೆ.

"ಅವನು ಹೋದ್ರೆ ಹೋಗ್ಲಿ" ಎಂದು ಮೂಗು ಒರೆಸಿಕೊಂಡಳು. "ಅಮ್ಮ ಕಂಡಕಂಡೋರ ಮುಂದೆ ಹಾಗೆ ತಲೆ ತಗ್ಗಿಸ್ತಾಳಲ್ಲ, ಅದನ್ನ ನೋಡೋಕಾಗಲ್ಲ ಕಣೆ. ನನ್ನ ತುಟಿ ಆವತ್ತೇ ಹೊಲಿದುಬಿಟ್ರು. ಅವಳದ್ದು ಇನ್ನೂ ಹಂಗೇ ಇದೆ."

ನನಗೆ ಕೋಪ ಬಂದರೆ ಕೈಗೆ ಕೆಲಸ ಬೇಕು. ಅಮ್ಮನನ್ನು ಇಷ್ಟು ವರ್ಷ ಕೂರಿಸಿದ ಆ ಗ್ರಹಣ ಯಾವುದು, ಎಷ್ಟು ಹೊತ್ತಿಗೆ ಹಿಡಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು, ನೋಡಿಯೇ ಬಿಡುತ್ತೇನೆ ಎಂದುಕೊಂಡೆ. ಅಮ್ಮ ಸೌತೆಕಾಯಿ ಹೆಚ್ಚಿದ್ದು ಮಧ್ಯಾಹ್ನದ ಅಡುಗೆಗೆ. ಗ್ರಹಣ ಬೆಳಿಗ್ಗೆಯೇ ಬಿಟ್ಟಿದ್ದರೆ ತಪ್ಪು ಅಲ್ಲಿಗೆ ಮುಗಿಯಿತಲ್ಲ ಎಂದು ನನ್ನ ವಕೀಲಿ ಬುದ್ಧಿ. ಅಪ್ಪ ಒಂದು ಪಂಚಾಂಗವನ್ನೂ ಎಸೆದವರಲ್ಲ. ಯುಗಾದಿಗೆ ಹೊಸದು ಬಂದ ಮೇಲೆ ಹಳೆಯದನ್ನು ದಾರ ಕಟ್ಟಿ ಅಟ್ಟದ ಮೇಲಿನ ಟ್ರಂಕಿಗೆ ಹಾಕುತ್ತಿದ್ದರು. ಅವರು ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ, ಅಮ್ಮ ಇಬ್ಬರೂ ಹರಿಕಥೆಗೆ ಹೋಗಿದ್ದಾಗ ಏಣಿ ಹಾಕಿ ಹತ್ತಿದೆ.

ಅಕ್ಕ ಹುಟ್ಟಿದ ವರ್ಷದ ಕಟ್ಟು ಹುಡುಕಲು ಬಹಳ ಹೊತ್ತಾಗಲಿಲ್ಲ. ಮೊದಲ ಹಾಳೆಗಳಲ್ಲಿಯೇ ಆ ವರ್ಷದ ಗ್ರಹಣಗಳ ವಿವರವಿತ್ತು. ಜ್ಯೇಷ್ಠ ಬಹುಳ ಅಮಾವಾಸ್ಯೆ, ಸೂರ್ಯಗ್ರಹಣ. ಪುರೋಹಿತರು ಸುಳ್ಳು ಹೇಳಿರಲಿಲ್ಲ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ಈ ಗ್ರಹಣವು ನಮ್ಮಲ್ಲಿ ರಾತ್ರಿಯ ವೇಳೆಯಲ್ಲಿ ಸಂಭವಿಸುವುದರಿಂದ ಈ ದೇಶಕ್ಕೆ ಗೋಚರವಿಲ್ಲ, ಆಚರಣೆ ಇಲ್ಲ ಎಂದು.

ನಾನು ಮೂರು ಸಲ ಓದಿದೆ. ರಾತ್ರಿಯ ಸೂರ್ಯಗ್ರಹಣ! ಜಗತ್ತಿನ ಇನ್ನೊಂದು ಮಗ್ಗುಲಲ್ಲಿ ಯಾರಿಗೋ ಹಿಡಿದದ್ದು. ಮೈಸೂರಿನಲ್ಲಿ ಆಗ ಸೂರ್ಯನೇ ಇಲ್ಲ. ಅಮ್ಮ ಸೌತೆಕಾಯಿ ಹೆಚ್ಚಿದಾಗ ಗ್ರಹಣವಿಲ್ಲ, ಗ್ರಹಣವಾದಾಗ ಅಮ್ಮ ಮಲಗಿ ನಿದ್ದೆ ಮಾಡುತ್ತಿದ್ದಾಳೆ. ನಮ್ಮವರ ಲೆಕ್ಕದಲ್ಲಿಯೇ, ಕಾಣದ ಗ್ರಹಣಕ್ಕೆ ಸ್ನಾನವಿಲ್ಲ, ಉಪವಾಸವಿಲ್ಲ, ದೋಷವಿಲ್ಲ. ಗ್ರಹಣ ಇತ್ತೇ ಎಂದು ಅಜ್ಜಿ ಕೇಳಿದ್ದಳು, ಇತ್ತು ಎಂದು ಅವರು ಹೇಳಿದ್ದರು. ಕಂಡಿತ್ತೇ ಎಂದು ಯಾರೂ ಕೇಳಿರಲಿಲ್ಲ.

ಖುಷಿಯಿಂದ ಏಣಿ ಇಳಿಯಲು ಹೊರಟವಳು ಹಾಳೆಯನ್ನು ಬೆಳಕಿಗೆ ಹಿಡಿದಾಗ ಇನ್ನೊಂದು ಕಂಡಿತು. ಆ ಸಣ್ಣ ಅಕ್ಷರದ ಸಾಲಿನ ಕೆಳಗೆ ಒಂದು ನೇರಳೆ ಗೆರೆ. ಅಪ್ಪ ಕಚೇರಿಯಿಂದ ತರುತ್ತಿದ್ದ ಪೆನ್ಸಿಲ್ಲು ಆ ಬಣ್ಣದ್ದು. ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದರೆ ಶಾಯಿಯಂತೆ ನೇರಳೆ ಮೂಡುತ್ತಿತ್ತು. ಎರಡು ಸಲ ಎಳೆದ ಗೆರೆ. ಅಪ್ಪ ಓದಿದ್ದರು. ಗೆರೆ ಎಳೆದಿದ್ದರು. ಆಮೇಲೆ ದಾರ ಕಟ್ಟಿ ಟ್ರಂಕಿಗೆ ಹಾಕಿದ್ದರು.

ನನಗೆ ಅಪ್ಪನ ಮೇಲೆ ಅವತ್ತು ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಎನ್ನುತ್ತಾರೆ. ನನಗೆ ಬರುತ್ತದೆ, ಏನು ಮಾಡಲಿ? ಮಗಳನ್ನು ತಾರಸಿಗೆ ಕರೆದುಕೊಂಡು ಹೋಗಿ ಆಕಾಶದಲ್ಲಿರುವುದನ್ನೆಲ್ಲ ತೋರಿಸಿದ ಮನುಷ್ಯ, ಕೆಳಗೆ ಕತ್ತಲೆ ಕೋಣೆಯಲ್ಲಿ ಕೂತ ಹೆಂಡತಿಗೆ ಒಂದು ಸಾಲು ಓದಿ ಹೇಳಲಿಲ್ಲ. ತಾಯಿಯ ಮಾತು ಸುಳ್ಳು ಎಂದು ಹೇಳಬೇಕಾಗುತ್ತಿತ್ತು. ಅಷ್ಟೇ ಕಾರಣ. ಬೇರೆ ಏನೂ ಇರಲಾರದು.

ಅಕ್ಕ ಶಾಲೆಯಿಂದ ಬಂದ ಕೂಡಲೇ ತೋರಿಸಿದೆ. ಅವಳು ಓದಿ, ಗೆರೆಯನ್ನು ಬೆರಳಿನಿಂದ ಸವರಿದಳು. ಈಗಲೇ ಅಜ್ಜಿಯ ಮುಂದೆ ಹಿಡಿಯೋಣ ಎಂದು ನಾನು ಕುಣಿಯುತ್ತಿದ್ದೆ. ಅವಳು ಪಂಚಾಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅಮ್ಮನನ್ನು ತಾರಸಿಗೆ ಕರೆದಳು.

ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಓದಿ ಮುಗಿಸಿ, "ಇದು ಆ ವರ್ಷದ್ದೇನಾ?" ಎಂದು ಕೇಳಿದಳು. ಹೌದು ಎಂದೆವು. ಇನ್ನೊಂದು ಸಲ ಓದಿದಳು. ಅವಳ ಕಣ್ಣು ಅಕ್ಷರದಿಂದ ಗೆರೆಗೆ ಇಳಿದದ್ದು ನನಗೆ ಕಂಡಿತು.

"ಗೆರೆ ಅವರದ್ದು" ಎಂದಳು.

"ಹೂಂ ಅಮ್ಮ."

"ಅತ್ತೆ ಎದುರು ಮಾತಾಡೋರಲ್ಲ ಅವರು" ಎಂದಳು, ಯಾರೋ ಅಪ್ಪನನ್ನು ದೂರಿದ ಹಾಗೆ. ಆಮೇಲೆ ಒಣಗಿದ ಸೀರೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ನಾನು ಅಮ್ಮ ನಗುತ್ತಾಳೆ ಅಂದುಕೊಂಡಿದ್ದೆ, ಇಲ್ಲವೆಂದರೆ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡನ್ನೂ ಮಾಡದೆ ಅಕ್ಕನ ಮುಖ ನೋಡಿ, "ಹಾಗಾದ್ರೆ ನಿನಗೆ ಯಾಕೆ ಹೀಗಾಯ್ತೇ?" ಎಂದಳು.

"ಗೊತ್ತಿಲ್ಲಮ್ಮ. ಸುಮ್ನೆ ಆಯ್ತು" ಎಂದಳು ಅಕ್ಕ. "ಯಾರೂ ಏನೂ ಮಾಡ್ಲಿಲ್ಲ. ಸುಮ್ನೆ ಆಯ್ತು."

ಅಮ್ಮನಿಗೆ ಅದು ಒಗ್ಗಲಿಲ್ಲವೆಂದು ಕಾಣುತ್ತದೆ. ಇಪ್ಪತ್ತು ವರ್ಷ ಹೊತ್ತ ಹೊರೆ ಇಳಿಸಿದರೂ ತಲೆ ಕೂಡಲೇ ನೆಟ್ಟಗಾಗುವುದಿಲ್ಲ. ಮಡಿಚಿದ ಸೀರೆಯನ್ನು ತೋಳಿಗೆ ಹಾಕಿಕೊಂಡು, "ಅಜ್ಜಿಗೆ ಹೇಳ್ಬೇಡಿ" ಎಂದಳು.

ನನಗೆ ರೇಗಿಹೋಯಿತು. "ಹೇಳ್ದೆ ಏನು? ಅವಳಿಂದ ತಾನೆ ನೀನು ಇಷ್ಟು ವರ್ಷ ಅನುಭವಿಸಿದ್ದು? ಅಪ್ಪ ಬಾಯಿ ಮುಚ್ಚಿಕೊಂಡಿದ್ದು ಸಾಲದು ಅಂತ ನೀನೂ ಮುಚ್ಚಿಕೋತೀಯಾ?"

"ಹೇಳಿದ್ರೆ ನಾಳೆಯಿಂದ ಅವರು ಹೋಗಿ ಆ ಕೋಣೇಲಿ ಕೂತ್ಕೋತಾರೆ" ಎಂದಳು ಅಮ್ಮ. "ಒಬ್ಬಳು ಕೂತಿದ್ದು ಸಾಲದೇನೇ?"

ನಾನು ಅಜ್ಜಿಗೆ ಹೇಳಲಿಲ್ಲ. ಒಪ್ಪಿ ಅಲ್ಲ, ಅಮ್ಮ ಬೇಡ ಎಂದಳೆಂದು. ಪಂಚಾಂಗ ಮತ್ತೆ ಟ್ರಂಕಿಗೆ ಹೋಯಿತು. ಅಮ್ಮ ಮೊದಲಿನ ಹಾಗೆಯೇ ಅಡುಗೆ, ಪೂಜೆ ಎಂದು ಓಡಾಡಿಕೊಂಡಿದ್ದಳು. ಬೆರಳಿನ ಗಾಯದ ಗುರುತು ಮುಟ್ಟಿ ನೋಡಿಕೊಳ್ಳುವುದೂ ನಿಲ್ಲಲಿಲ್ಲ. ಇಷ್ಟೆಲ್ಲ ಮಾಡಿ ಏನು ಬಂತು ಎಂದು ನನಗೆ ಬೇಸರವಾಗುತ್ತಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ, ಕಾರ್ತಿಕದ ಅಮಾವಾಸ್ಯೆಗೆ, ಇನ್ನೊಂದು ಸೂರ್ಯಗ್ರಹಣ ಬಂತು. ಒಂದೇ ವರ್ಷದಲ್ಲಿ ಎರಡು ಗ್ರಹಣ ಕಾಣುವುದು ಒಳ್ಳೆಯದಲ್ಲ ಎಂದು ಬೀದಿಯಲ್ಲಿ ಮಾತಾಯಿತು. ನಮಗೆ ಹಬ್ಬ. ಈ ಸಲ ನಟ್ಟ ನಡು ಮಧ್ಯಾಹ್ನ, ಚಳಿಗಾಲದ ತೊಳೆದಿಟ್ಟಂಥ ಆಕಾಶ, ಚಾಮುಂಡಿ ಬೆಟ್ಟದ ಮೇಲೆ ಕೂಡ ಒಂದು ಎಳೆ ಮೋಡವಿಲ್ಲ.

ಬೆಳಿಗ್ಗೆ ಕಡಕೊಳದ ಕಡೆಯಿಂದ ಬಸ್ಸಿನಲ್ಲಿ ತರಕಾರಿ ತಂದು ಮಾರುವ ಹೆಂಗಸು ಬಂದು ಕುಕ್ಕೆ ಇಳಿಸಿದಳು. "ಇವತ್ತು ಗ್ರಾಣ ಅಂತ ಯಾರೂ ತಗೊಳಾಕಿಲ್ಲ ಅಂತಾರೆ ಕಣಮ್ಮಾ. ಸೌತೆಕಾಯ್ಗೆ ಗ್ರಾಣ ಎಂಗೆ ಗೊತ್ತಾದದು? ಎಳೇವು, ನಾಳೀಕೆ ಬಾಡೋಯ್ತವೆ. ನೀವಾದ್ರೂ ಎರಡು ಇಡ್ಕಳಿ" ಎಂದಳು. ಅಮ್ಮ ಬೇಡ ಎನ್ನುತ್ತಾಳೆಂದು ನಾನು ಕಾದೆ. ಅಮ್ಮ ಎರಡು ಸೌತೆಕಾಯಿ ತೆಗೆದುಕೊಂಡು ಒಳಗಿಟ್ಟಳು. ನಾಳೆಗಿರಬಹುದು ಎಂದುಕೊಂಡೆ.

ಹೊತ್ತು ಏರಿದ ಮೇಲೆ ಅಜ್ಜಿ ಸ್ನಾನ ಮಾಡಿ ಬಂದು ಒನಕೆ ನಿಲ್ಲಿಸಿದಳು. ಅಮ್ಮನೂ ಸ್ನಾನ ಮಾಡಿದಳು, ಎಂದಿನಂತೆ ಕೋಣೆ ಸೇರಿದಳು, ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅಕ್ಕ ನನ್ನ ಮುಖ ನೋಡಿದಳು. ನಾನು, "ನಾನು ಹೇಳ್ಲಿಲ್ವಾ?" ಎಂದೆ. ಇಬ್ಬರೂ ಹಿತ್ತಿಲಿಗೆ ಹೋದೆವು.

ಹಿತ್ತಿಲಿನಲ್ಲಿ ಒಂದು ದೊಡ್ಡ ಹೊಂಗೆಮರವಿತ್ತು. ಗಾಜಿನ ಚೂರಿನಲ್ಲಿ ಎರಡು ಸಲ ನೋಡಿ ಕಣ್ಣೀರು ಬಂದಾಗ ಅಕ್ಕ ತಲೆ ತಗ್ಗಿಸಿದಳು. ಹಾಗೇ ನಿಂತುಬಿಟ್ಟಳು. "ಕೆಳಗೆ ನೋಡೇ" ಎಂದಳು. ಮರದ ನೆರಳಿನಲ್ಲಿ ದಿನಾ ದುಂಡಗೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಅವತ್ತು ಬಿದಿಗೆ ಚಂದ್ರನ ಹಾಗೆ ಬಾಗಿದ್ದವು. ನೂರಾರು. ಎಲೆಗಳ ಸಂದು ಸಂದಿನಲ್ಲಿ ತೂರಿ ಬಂದು ನೆಲದ ಮೇಲೆ, ಒಗೆಯುವ ಕಲ್ಲಿನ ಮೇಲೆ, ತುಳಸಿಕಟ್ಟೆಯ ಮೇಲೆ ಒಂದೇ ಕಡೆಗೆ ಮುಖ ಮಾಡಿ ಬಿದ್ದಿದ್ದವು. ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದವು. ಬಿಸಿಲು ಬಿಳಿಚಿಕೊಂಡು ಚಳಿ ಹತ್ತಿತು. ಕಾಗೆಗಳು ಗೊಂದಲದಲ್ಲಿ ಸುಮ್ಮನಾದವು. ಆಮೇಲೆ ನಾನು ಎಷ್ಟೋ ಗ್ರಹಣ ನೋಡಿದ್ದೇನೆ, ರಷ್ಯಾದವರು ಉಪಗ್ರಹ ಹಾರಿಸಿದ ವರ್ಷ ಅಕ್ಕನಿಗೆ ಮದುವೆಯಾಗಿ ಅವಳು ಬೇರೆ ಊರಿಗೆ ಹೋದ ಮೇಲೆಯೂ ಪ್ರತಿ ಗ್ರಹಣಕ್ಕೂ ಅವಳ ಕಾಗದ ಬರುತ್ತಿತ್ತು. ಆದರೆ ಆ ಮಧ್ಯಾಹ್ನದ ಹಿತ್ತಿಲಿನಂಥದ್ದನ್ನು ಮತ್ತೆ ನೋಡಲಿಲ್ಲ.

ಹಿಂದೆ ಬಾಗಿಲು ಕಿರುಗುಟ್ಟಿತು. ಅಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಈಳಿಗೆಮಣೆ, ಇನ್ನೊಂದರಲ್ಲಿ ಸೌತೆಕಾಯಿ. ಗ್ರಹಣ ಆಗ ಹೆಚ್ಚುಕಡಿಮೆ ನಡುಮಟ್ಟದಲ್ಲಿತ್ತು.

"ಏನಮ್ಮ?" ಎಂದು ಅಕ್ಕ ಗಾಬರಿಯಾದಳು.

"ಸುಮ್ನೆ ಕೂತು ಕೂತು ಬೇಜಾರಾಯ್ತು" ಎಂದಳು ಅಮ್ಮ.

ಮೆಟ್ಟಿಲು ಇಳಿದು ಮರದ ಕೆಳಗೆ ಬಂದಳು. ಅವಳ ಸೀರೆಯ ಮೇಲೆ, ಕೈಯ ಮೇಲೆ, ನರೆತ ಕೂದಲಿನ ಮೇಲೆ ಬಾಗಿದ ಬಿಸಿಲು ಬಿತ್ತು. ಅದನ್ನು ಅವಳು ನೋಡಿದಳೋ ಇಲ್ಲವೋ. ಒಗೆಯುವ ಕಲ್ಲಿನ ಪಕ್ಕ ಈಳಿಗೆಮಣೆ ಇಟ್ಟು, ಒಂದು ಮೊಣಕಾಲು ಮಡಿಚಿ ಅದರ ಮೇಲೆ ಕೂತಳು. ಸೌತೆಕಾಯಿಯ ತುದಿ ಕತ್ತರಿಸಿ, ಆ ಚೂರಿನಿಂದ ಕತ್ತರಿಸಿದ ಜಾಗವನ್ನು ಗಸಗಸ ತಿಕ್ಕಿ ಕಹಿ ತೆಗೆದಳು. ಬೆರಳು ಕುಯ್ದುಕೊಳ್ಳುತ್ತಾಳೆ ಎಂದು ನನಗೆ ಭಯವಾಯಿತು. ಮೊದಲ ಹೋಳನ್ನು ನಿಧಾನವಾಗಿ ಹೆಚ್ಚಿದಳು. ಆಮೇಲೆ ದಿನಾ ಹೆಚ್ಚುವ ಹಾಗೆಯೇ ಹೆಚ್ಚಿದಳು.

ಒಂದು ಹೋಳು ತೆಗೆದು ಅಕ್ಕನಿಗೆ ಕೊಟ್ಟಳು. "ಕಹಿ ಇದ್ಯಾ ನೋಡು."

ಅಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಾಯಿಗಿಟ್ಟು ಕಚ್ಚಿದಳು. ಅವಳ ಕಣ್ಣಿನಿಂದ ನೀರು ಇಳಿದು ತುಟಿಯ ಗೆರೆಯ ಪಕ್ಕದಲ್ಲಿ ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಅಗಿದು ನುಂಗಿದಳು.

"ಕಹಿ ಇಲ್ಲಮ್ಮ. ಸ್ವಲ್ಪ ಉಪ್ಪು ಇದ್ದಿದ್ರೆ ಚೆನ್ನಾಗಿರೋದು" ಎಂದಳು.

"ತರ್ತೀನಿ ಇರು" ಎಂದು ಅಮ್ಮ ಎದ್ದಳು.

ನಾನು ಹಿಂದೆಯೇ ಹೋದೆ. ಅಡುಗೆಮನೆಗೆ ನಡುಮನೆ ದಾಟಿಯೇ ಹೋಗಬೇಕು. ಅಜ್ಜಿ ಒನಕೆಯ ಮುಂದೆ ಕಣ್ಣು ಮುಚ್ಚಿ ಜಪ ಮಾಡುತ್ತಾ ಕೂತಿದ್ದಳು. ಅಮ್ಮ ಅವಳ ಮುಂದೆಯೇ ಹಾದು ಒಳಗೆ ಹೋಗಿ, ಉಪ್ಪಿನ ಜಾಡಿಯ ಮೇಲಿನ ದರ್ಭೆ ಪಕ್ಕಕ್ಕಿಟ್ಟು, ಒಂದು ಚಿಟಿಕೆ ಉಪ್ಪು ಅಂಗೈಯಲ್ಲಿ ಹಾಕಿಕೊಂಡು ಬಂದಳು.

"ಗ್ರಹಣ ಇನ್ನೂ ಬಿಟ್ಟಿಲ್ಲ. ಕೈಲೇನೇ ಅದು?" ಎಂದಳು ಅಜ್ಜಿ, ಕಣ್ಣು ಬಿಟ್ಟು.

ಅಮ್ಮ ನಿಂತಳು. ಅಂಗೈ ಬಿಚ್ಚಿ ತೋರಿಸಿದಳು.

"ಉಪ್ಪು ಅತ್ತೆ" ಎಂದಳು. "ಸೌತೆಕಾಯಿಗೆ."

ಅಜ್ಜಿ ಅಮ್ಮನ ಮುಖ ನೋಡಿದಳು. ಜಪದ ಬೆರಳು ನಿಂತಿತ್ತು. ಅಮ್ಮ ತಲೆ ತಗ್ಗಿಸದೆ ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದು, ಆಮೇಲೆ ಉಪ್ಪು ಚೆಲ್ಲದ ಹಾಗೆ ಕೈ ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು.